ಕಡಾ ತಂದದ್ದು ಯಾವಾಗ ತಿರುಗಿ ಕೊಡೋದ್ರಿ?

ನವಲಗುಂದ ತಾಲೂಕಿನ ಒಂದು ಹಳ್ಳಿಯ ಕನ್ನಡ ಸಾಲಿಯಲ್ಲಿ ಮೂರನೆಯ ಇಯತ್ತೆಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದೆ. ಮೂವತ್ತು ವರ್ಷದ ಹಿಂದಿನ ಮಾತು. ಬೋರ್ಡಿನ ಮೇಲೆ ೫೦೩ ಬರೆದು ಅದರ ಕೆಳಗೆ ೧೭೮ ಬರೆದೆ. ನನಗೆ ನಮ್ಮ ಮಾಸ್ತರು ಹೇಳಿದ ಹಾಗೇ ರಾಗವಾಗಿ ಹೇಳಿದೆ: ‘‘ಮೂರರಾಗ ಎಂಟು ಹೋಗೂದಿಲ್ಲ. ಬಾಜೂ ಮನಿಗೆ ಹೋಗಿ ಕಡಾ ಕೇಳು. ಬಾಜೂ ಮನ್ಯಾಗ ಸೊನ್ನಿ, ಅವರ ಕಡೇನೂ ಏನಿಲ್ಲ. ಅವರು ತಮ್ಮ ಬಾಜೂ ಮನ್ಯಾಗ ಕಡಾ ತರ್ತಾರ...’’ ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಕೇರಿಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘‘ಸರ್, ಕಡಾ ತಂದದ್ದು ಯಾವಾಗ ತಿರುಗಿ ಕೊಡೋದ್ರಿ?’’

ಸಾಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ‘‘ಅದನ್ನೆಲ್ಲ ಕೇಳಬ್ಯಾಡವ್ವಾ, ಹೇಳಿದಷ್ಟು ಮಾಡು’’ ಅಂದೆ. ಹುಡುಗಿ ಕೂತಳು. ಅವಳು ಆ ಲೆಕ್ಕ ಸರಿ ಮಾಡಿದಳೋ ತಪ್ಪು ಮಾಡಿದಳೋ ನೆನಪಿಲ್ಲ. ನಾನಾಡಿದ ಮಾತು ಮಾತ್ರ ನೆನಪಿದೆ, ಯಾಕಂದರೆ ಆ ಮಾತು ನನ್ನದಲ್ಲ. ನಮ್ಮಪ್ಪ ಸಾವಕಾರರ ಮನೆಯಲ್ಲಿ ಸಂಬಳಕ್ಕಿದ್ದಾಗ ದಿನಾ ಅವನ ಕಿವಿಗೆ ಬೀಳುತ್ತಿದ್ದ ಮಾತು ಅದು. ಅವನ ಅಪ್ಪನಿಗೂ ಅದನ್ನೇ ಹೇಳಿದ್ದರು. ಹೇಳಿದಷ್ಟು ಮಾಡು, ಯಾಕೆ ಅಂತ ಕೇಳಬೇಡ. ಸಂಜೆ ಸಭೆಯಲ್ಲಿ ಈ ಮಾತಿನ ವಿರುದ್ಧ ಗಂಟಲು ಹರಿಯುವ ಹಾಗೆ ಭಾಷಣ ಮಾಡುತ್ತಿದ್ದವನು ನಾನು. ಹಗಲು ಹೊತ್ತಿನಲ್ಲಿ ಕೈಯಲ್ಲಿ ಖಡು ಹಿಡಿದು ಅದೇ ಮಾತನ್ನು ನಮ್ಮ ಕೇರಿಯ ಕೂಸಿಗೇ ಹೇಳಿದ್ದೆ.

ಗೆಳೆಯರೆ, ಈ ಪತ್ರಿಕೆಯ ಪುಟಗಳಲ್ಲಿ ಗಣಿತದ ಮಾತು ಯಾಕೆ ಅಂತ ನೀವು ಕೇಳಬಹುದು. ನಮ್ಮಲ್ಲಿ ಇತಿಹಾಸದ ಪಾಠದಲ್ಲಿ ಯಾರ ಹೆಸರು ಇಲ್ಲ, ಕನ್ನಡ ಪಾಠದಲ್ಲಿ ಯಾರ ಬದುಕು ಇಲ್ಲ ಎಂದು ಜಗಳ ಆಗಿವೆ, ಆಗಲೇಬೇಕು. ಗಣಿತವನ್ನು ಮಾತ್ರ ಜಾತಿಯಿಲ್ಲದ ವಿಷಯ ಅಂತ ಬಿಟ್ಟಿದ್ದೇವೆ. ಎರಡೂ ಎರಡು ನಾಲ್ಕು, ಅದರಲ್ಲಿ ಏನು ರಾಜಕೀಯ? ಎರಡೂ ಎರಡು ನಾಲ್ಕೇ, ನಿಜ. ಯಾಕೆ ನಾಲ್ಕು ಎಂದು ಕೇಳುವ ಹಕ್ಕು ಯಾರಿಗೆ ಸಿಕ್ಕಿದೆ, ಯಾರಿಗೆ ಬರೇ ನಾಲ್ಕು ಎಂದು ಬಾಯಿಪಾಠ ಮಾಡುವ ಕೆಲಸ ಸಿಕ್ಕಿದೆ ಅನ್ನೋದರಲ್ಲಿ ರಾಜಕೀಯ ಇದೆ. ನನಗೆ ಕಾಡುವ ಪ್ರಶ್ನೆ ಇನ್ನೂ ಸಣ್ಣದು, ಹಾಗಾಗಿ ಇನ್ನೂ ಕಠಿಣ. ತನಗೇ ತಿಳಿಯದ್ದನ್ನು ತಿಳಿದವನ ಹಾಗೆ ಮಕ್ಕಳಿಗೆ ಹೇಳುವ ಮಾಸ್ತರ ಸುಳ್ಳು ಹೇಳುತ್ತಿದ್ದಾನೆಯೆ? ಹೌದಾದರೆ, ಆ ಸುಳ್ಳಿನ ಪಾಪ ಯಾರ ಲೆಕ್ಕಕ್ಕೆ ಬರೆಯೋದು?

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಬೇಕು. ಅವಳ ಮನೆಯಲ್ಲಿ ಕಡ ಅಂದರೆ ತಿರುಗಿ ಕೊಡಬೇಕಾದದ್ದು. ಕೊಡದಿದ್ದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ ಅವಳು ಕೇಳಿದ್ದು ಚೇಷ್ಟೆಯ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ. ನಿಜ ಏನಂದರೆ, ಆ ಲೆಕ್ಕದಲ್ಲಿ ಯಾರೂ ಯಾರಿಗೂ ಕಡ ಕೊಟ್ಟಿಲ್ಲ. ಐನೂರಾ ಮೂರು ಅಂದರೆ ನೂರರ ಐದು ನೋಟು, ಒಂದು ರೂಪಾಯಿಯ ಮೂರು ಬಿಲ್ಲೆ. ಹತ್ತರ ನೋಟು ಒಂದೂ ಇಲ್ಲ. ನೂರಾ ಎಪ್ಪತ್ತೆಂಟು ಕೊಡಬೇಕಾದರೆ ನಾವು ಏನು ಮಾಡುತ್ತೇವೆ? ನೋಟು ಮುರಿಸುತ್ತೇವೆ. ನೂರರ ಒಂದು ನೋಟು ಮುರಿಸಿದರೆ ಹತ್ತರವು ಹತ್ತು. ಅದರಲ್ಲಿ ಒಂದನ್ನು ಮತ್ತೆ ಮುರಿಸಿದರೆ ರೂಪಾಯಿ ಬಿಲ್ಲೆ ಹತ್ತು. ಈಗ ಕೈಯಲ್ಲಿ ನೂರರವು ನಾಲ್ಕು, ಹತ್ತರವು ಒಂಬತ್ತು, ಬಿಲ್ಲೆ ಹದಿಮೂರು. ಒಟ್ಟು ರೊಕ್ಕ ಮೊದಲು ಎಷ್ಟಿತ್ತೋ ಅಷ್ಟೇ. ಒಂದು, ಏಳು, ಎಂಟು ತೆಗೆದರೆ ಉಳಿಯೋದು ಮೂರು, ಎರಡು, ಐದು. ನಮ್ಮ ಭಾಷೆಯಲ್ಲೇ ‘ಮುರಿಸು’ ಎಂಬ ಮಾತು ಇದೆ, ಸಂತೆಗೆ ಹೋದ ಪ್ರತಿ ಕೂಸಿಗೂ ಅದು ಗೊತ್ತು. ಆದರೂ ನಾನು ಕಡ, ಬಾಜೂ ಮನೆ ಅಂತ ಕತೆ ಕಟ್ಟಿದ್ದೆ. ನನಗೆ ಯಾರೂ ಬೇರೆ ಹೇಳಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಬೇರೆ ಏನಾದರೂ ಇರಬಹುದು ಎಂಬ ಅನುಮಾನವೇ ನನಗೆ ಬಂದಿರಲಿಲ್ಲ.

ಅದೇ ಲೆಕ್ಕಕ್ಕೆ ಆ ದಿನ ನಾಲ್ಕೈದು ಮಕ್ಕಳು ೪೭೫ ಎಂದು ಬರೆದಿದ್ದರು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದೆ. ಯಾಕೆ ಎಲ್ಲರದೂ ಒಂದೇ ತಪ್ಪು ಎಂದು ನೋಡಲಿಲ್ಲ. ಆ ಮಕ್ಕಳು ಪ್ರತಿ ಮನೆಯಲ್ಲೂ ದೊಡ್ಡದರಲ್ಲಿ ಸಣ್ಣದು ಕಳೆದಿದ್ದವು: ಐದರಲ್ಲಿ ಒಂದು ಹೋದರೆ ನಾಲ್ಕು, ಏಳರಲ್ಲಿ ಸೊನ್ನೆ ಹೋದರೆ ಏಳು, ಎಂಟರಲ್ಲಿ ಮೂರು ಹೋದರೆ ಐದು. ‘ಸಣ್ಣದರಾಗ ದೊಡ್ಡದು ಹೋಗೂದಿಲ್ಲ’ ಎಂದು ನಾನೇ ಕಲಿಸಿದ್ದನ್ನು ಅವು ನಂಬಿದ್ದವು, ಅಷ್ಟೇ. ಅದು ದಡ್ಡತನ ಅಲ್ಲ, ತರ್ಕ. ‘ನೂರಾಐದು’ ಬರೀರಿ ಅಂದರೆ ೧೦೦೫ ಎಂದು ಬರೆಯುವ ಕೂಸಿನದೂ ತರ್ಕವೇ. ಅದು ಕಿವಿಗೆ ಕೇಳಿದ ಹಾಗೆ ನೂರು ಬರೆದು ಪಕ್ಕಕ್ಕೆ ಐದು ಬರೆದಿದೆ. ತಪ್ಪಿನ ಹಿಂದಿರುವ ಈ ತರ್ಕವನ್ನು ಕಾಣುವ ಕಣ್ಣು ಮಾಸ್ತರನಿಗೆ ಇಲ್ಲದಿದ್ದರೆ ಆತ ಮಗುವಿಗೆ ‘ನಿನಗ ತಲೀ ಇಲ್ಲ’ ಅನ್ನುತ್ತಾನೆ. ನಮ್ಮ ಕೇರಿಯ ಮಕ್ಕಳಿಗಾದರೆ ಇನ್ನೂ ಒಂದು ಮಾತು ಸೇರಿಸುತ್ತಾರೆ: ‘ನಿಮ್ಮ ಮಂದಿಗೆ ಗಣಿತ ಹತ್ತೂದಿಲ್ಲ ಬಿಡು.’ ಈ ಎರಡನೆಯ ಮಾತಿಗೆ ಬಹಳ ಉದ್ದನೆಯ ಇತಿಹಾಸ ಇದೆ.

ಅದು ನಮ್ಮ ಧಾರವಾಡದಲ್ಲೇ ಇದೆ. ೧೮೫೬ರಲ್ಲಿ ಒಬ್ಬ ಮಹಾರ ಹುಡುಗ ಫೀ ಕೊಡಲು ತಯಾರಿದ್ದರೂ ಧಾರವಾಡದ ಸರಕಾರಿ ಸಾಲಿಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂದು ಸರಕಾರಕ್ಕೆ ಅರ್ಜಿ ಹಾಕಿದ. ಮುಂಬಯಿ ಸರಕಾರ ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡೇ, ಒಬ್ಬನ ಸಲುವಾಗಿ ಉಳಿದವರೆಲ್ಲ ಸಾಲಿ ಬಿಟ್ಟಾರು ಎಂಬ ಅಂಜಿಕೆಯಿಂದ ಬಾಗಿಲು ಮುಚ್ಚಿತು. ಕಲಕತ್ತೆಯ ಸರಕಾರ ಆಕ್ಷೇಪ ಎತ್ತಿತು, ಪ್ರಕರಣ ಲಂಡನ್ನಿನವರೆಗೆ ಹೋಗಿ ೧೮೫೮ರಲ್ಲಿ ಸರಕಾರಿ ಸಾಲಿಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು ಎಂದು ಅಲ್ಲಿಂದ ಉತ್ತರ ಬಂತು. ೧೯೨೮ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರರು ಈ ಧಾರವಾಡದ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಸ್ವತಃ ಅಂಬೇಡ್ಕರರನ್ನು ಹೈಸ್ಕೂಲಿನಲ್ಲಿ ಮಾಸ್ತರು ಲೆಕ್ಕ ಬಿಡಿಸಲು ಬೋರ್ಡಿನ ಕಡೆ ಕರೆದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಎತ್ತಿಕೊಳ್ಳಲು ಮೇಲ್ಜಾತಿಯ ಹುಡುಗರು ಓಡಿದರು ಎಂದು ಧನಂಜಯ ಕೀರ್ ಬರೆದ ಜೀವನಚರಿತ್ರೆ ಹೇಳುತ್ತದೆ. ಆ ಹುಡುಗರಿಗೆ ಲೆಕ್ಕ ಏನಾಯಿತು ಅನ್ನೋದು ಬೇಕಾಗಿರಲಿಲ್ಲ.

ಇವತ್ತು ಬಾಗಿಲು ತೆರೆದಿದೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳ ಸರಕಾರಿ ಸಾಲಿಗಳಲ್ಲಿ ಈಗ ಕೂತಿರುವವರಲ್ಲಿ ಬಹಳ ಮಂದಿ ನಮ್ಮ ಮಕ್ಕಳೇ, ಕೂಲಿಯವರ ಮಕ್ಕಳೇ. ಅನುಕೂಲಸ್ಥರ ಮಕ್ಕಳನ್ನು ಹಳದಿ ಬಸ್ಸು ಒಯ್ಯುತ್ತದೆ. ಬಾಗಿಲು ದಾಟಿ ಬಂದ ಮಗುವಿಗೆ ಒಳಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ನಮ್ಮ ಮುಂದೆ ಉಳಿದಿದೆ.

ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ನಾನು ಸಣ್ಣವನಿದ್ದಾಗ ನಮ್ಮೂರ ಸಾಲಿಯಲ್ಲಿ ಮುಲ್ಕಿ ಪಾಸಾದ ಹಳೇ ಮಾಸ್ತರು ಒಬ್ಬರಿದ್ದರು. ಮೆಟ್ರಿಕ್ ಅಳತೆ ಬಂದು ಎಷ್ಟೋ ವರ್ಷ ಆಗಿದ್ದರೂ ಅವರು ಹಳೇ ಮಗ್ಗಿ ಬಿಟ್ಟಿರಲಿಲ್ಲ: ಪಾವಕಿ, ನಿಮಕಿ, ಸವಾಯಕಿ, ದೀಡಕಿ. ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳು. ‘ಒಂದ ದೀಡ ದೀಡ, ಎರಡ ದೀಡ ಮೂರು’ ಎಂದು ನಾವು ಸಾಲಾಗಿ ನಿಂತು ಕೂಗುತ್ತಿದ್ದೆವು. ಅದೇ ವರ್ಷ ಮಳೆಗಾಲದಲ್ಲಿ ನಮ್ಮವ್ವ ಸಾವಕಾರರ ಮನೆಯಿಂದ ಎರಡು ಚೀಲ ಜೋಳ ದೀಡಿಯ ಮೇಲೆ ತಂದಿದ್ದಳು. ಸುಗ್ಗಿಯಲ್ಲಿ ಮೂರು ಚೀಲ ಅಳೆದು ಕೊಟ್ಟಳು. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಎರಡ ದೀಡ ಮೂರು! ಮುಂಜಾನೆ ಕೂಗಿದ್ದೂ ಸಂಜೆ ಕೈಯಿಂದ ಹೋದದ್ದೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ನಾಲ್ಕು ತಿಂಗಳಿಗೆ ಅರ್ಧದಷ್ಟು ಬಡ್ಡಿ ಆದರೆ ವರ್ಷಕ್ಕೆ ಎಷ್ಟಾಯಿತು ಎಂದು ಕೇಳಲಿಲ್ಲ. ಮಗ್ಗಿ ನನ್ನ ಬಾಯಲ್ಲಿತ್ತು, ಅದರ ಅರ್ಥ ಸಾವಕಾರರ ಖಾತೆ ವಹಿಯಲ್ಲಿತ್ತು. ಹಳೇ ಮಾಸ್ತರು ಕೆಟ್ಟವರಲ್ಲ. ಅವರು ಮಗ್ಗಿಗೂ ಜೋಳಕ್ಕೂ ಗಂಟು ಹಾಕಿದ್ದರೆ ಊರಲ್ಲಿ ಇರಲು ಆಗುತ್ತಿತ್ತೋ ಇಲ್ಲವೋ. ಜೋತಿಬಾ ಫುಲೆ ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ, ಪ್ರಾಥಮಿಕ ಸಾಲಿಯ ಮಾಸ್ತರರು ಆದಷ್ಟೂ ದುಡಿಯುವ ರೈತಾಪಿ ಜನರೊಳಗಿಂದ ಬರಬೇಕು, ತರಬೇತಿ ಹೊಂದಿದವರಿರಬೇಕು, ಅವರ ಪಗಾರ ಹೆಚ್ಚಬೇಕು ಎಂದು ಹೇಳಿದ್ದರು. ಮೂರೂ ಮಾತು ಒಟ್ಟಿಗೆ ಹೇಳಿದ್ದರು. ನಮ್ಮೊಳಗಿಂದ ಮಾಸ್ತರರು ಬಂದೆವು, ಮೀಸಲಾತಿಯ ಪುಣ್ಯ. ಆದರೆ ತರಬೇತಿ ಎಂಬಲ್ಲಿ ನನ್ನ ಜಗಳ ಇದೆ.

ಎಂಬತ್ತರ ದಶಕದಲ್ಲಿ ನಾನು ಟಿ.ಸಿ.ಎಚ್. ಮಾಡಿದೆ. ಪಾಠ ಯೋಜನೆ ಬರೆಯುವುದು ಕಲಿಸಿದರು, ಚಾರ್ಟಿಗೆ ಬಣ್ಣ ಹಚ್ಚುವುದು ಕಲಿಸಿದರು, ಮಕ್ಕಳ ಮನಶ್ಶಾಸ್ತ್ರದ ಹೆಸರುಗಳನ್ನು ಬಾಯಿಪಾಠ ಮಾಡಿಸಿದರು. ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಐದನೇ ಇಯತ್ತೆಯ ಗಣಿತ ಐದನೇ ಇಯತ್ತೆ ಪಾಸಾದವರಿಗೆಲ್ಲ ಬರುತ್ತದೆ, ಅದನ್ನು ಮತ್ತೇನು ಕಲಿಯೋದು ಎಂಬ ಧೋರಣೆ. ನಾನೇ ಕಂಡ ಹಾಗೆ, ಬಿ.ಎಸ್ಸಿ. ಮಾಡಿದವರಿಗೂ ಈ ‘ಯಾಕೆ’ ಗೊತ್ತಿರುವುದಿಲ್ಲ. ಮೇಲಿನ ಗಣಿತ ಓದಿದರೆ ಕೆಳಗಿನದು ತಾನಾಗಿ ತಿಳಿಯುತ್ತದೆ ಅನ್ನೋದು ಒಂದು ಭ್ರಮೆ.

ಲಿಪಿಂಗ್ ಮಾ ಎಂಬ ಚೀನಾದ ಹೆಣ್ಣುಮಗಳು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳ್ಳಿಗೆ ಹೋಗಿ ಅಲ್ಲಿ ಸಾಲಿ ಕಲಿಸಿದವಳು. ಮುಂದೆ ಅಮೇರಿಕಾಕ್ಕೆ ಹೋಗಿ ೨೩ ಅಮೇರಿಕನ್ ಮತ್ತು ೭೨ ಚೀನೀ ಪ್ರಾಥಮಿಕ ಶಿಕ್ಷಕರಿಗೆ ಒಂದೇ ಪ್ರಶ್ನೆಗಳನ್ನು ಕೇಳಿ ೧೯೯೯ರಲ್ಲಿ ಪುಸ್ತಕ ಬರೆದಳು. ಒಂದು ಪ್ರಶ್ನೆ: ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿರಿ, ಅದಕ್ಕೊಂದು ಕತೆ ಕಟ್ಟಿರಿ. ಅಮೇರಿಕದವರಲ್ಲಿ ೨೧ ಮಂದಿ ಲೆಕ್ಕಕ್ಕೆ ಕೈ ಹಾಕಿದರು, ಸರಿಯಾಗಿ ಮುಗಿಸಿದವರು ೯ ಮಂದಿ. ಅರ್ಥಕ್ಕೆ ಹೊಂದುವ ಕತೆ ಕಟ್ಟಿದವರು ಒಬ್ಬರೇ. ಚೀನಾದ ೭೨ ಮಂದಿಯೂ ಲೆಕ್ಕ ಸರಿ ಮಾಡಿದರು, ೬೫ ಮಂದಿ ಕತೆ ಕಟ್ಟಿದರು. ಅಮೇರಿಕದವರೆಲ್ಲ ಕಾಲೇಜು ಪದವೀಧರರು. ಚೀನಾದವರಲ್ಲಿ ಹೆಚ್ಚಿನವರು ಒಂಬತ್ತನೆಯ ಇಯತ್ತೆ ಓದಿ, ಮೇಲೆ ಎರಡು ಮೂರು ವರ್ಷ ಶಿಕ್ಷಕರ ತರಬೇತಿ ಪಡೆದವರು. ನಮ್ಮ ಟಿ.ಸಿ.ಎಚ್. ಮಾಸ್ತರರಿಗಿಂತ ಹೆಚ್ಚೇನೂ ಓದಿದವರಲ್ಲ.

ಇದನ್ನು ಓದಿದ ದಿನ ನಾನೂ ಒಂದು ಕತೆ ಕಟ್ಟಿದೆ: ‘ಒಂದೂ ಮುಕ್ಕಾಲು ರೊಟ್ಟಿ, ಇಬ್ಬರಿಗೆ ಸಮ ಹಂಚಿರಿ.’ ಖುಷಿಯಾಯಿತು. ಮರುಗಳಿಗೆಗೆ ನಾಚಿಕೆಯಾಯಿತು. ಇಬ್ಬರಿಗೆ ಹಂಚಿದರೆ ಎರಡರಿಂದ ಭಾಗಿಸಿದ ಹಾಗೆ, ಅರ್ಧದಿಂದ ಅಲ್ಲ. ಅಮೇರಿಕದ ಎಷ್ಟೋ ಮಾಸ್ತರರೂ ಇದೇ ತಪ್ಪು ಮಾಡಿದ್ದರು. ಹಾಗಾದರೆ ಅರ್ಧದಿಂದ ಭಾಗಿಸೋದು ಅಂದರೆ ಏನು? ಉತ್ತರ ನನಗೆ ಸಿಕ್ಕಿದ್ದು ಅಣ್ಣಿಗೇರಿಯ ಸಂತೆಯಲ್ಲಿ, ಚುರಮರಿ ಅಳೆಯುವ ಮುದುಕಿಯ ಮುಂದೆ. ಅವಳ ಹತ್ತಿರ ಸೇರು ಇತ್ತು, ಅರ್ಧ ಸೇರೂ ಇತ್ತು. ಒಂದೂ ಮುಕ್ಕಾಲು ಸೇರು ಚುರಮರಿಯನ್ನು ಅರ್ಧ ಸೇರಿನಿಂದ ಅಳೆದರೆ ಎಷ್ಟು ಸಲ ಅಳೆಯಬೇಕು? ಒಂದು ಸೇರಿಗೆ ಎರಡು ಸಲ. ಸೇರು ಎಷ್ಟಿದೆಯೋ ಅದರ ಇಮ್ಮಡಿ ಸಲ. ಇಷ್ಟೇ! ತಲೆಕೆಳಗು ಮಾಡಿ ಎರಡರಿಂದ ಗುಣಿಸು ಎಂಬ ಮಂತ್ರದ ಹಿಂದೆ ಇದ್ದದ್ದು ಈ ಮುದುಕಿಯ ಕೈ. ಮೂರೂವರೆ ಸಲ.

ಮರುದಿನ ಸಾಲಿಗೆ ಮರಳು, ಡಬ್ಬಿ ಒಯ್ದು ಮಕ್ಕಳ ಕೈಯಿಂದಲೇ ಅಳೆಸಿದೆ. ಒಬ್ಬ ಹುಡುಗ ಹಟ ಹಿಡಿದ: ‘‘ಮೂರು ಸಲ ಆತ್ರಿ, ಮ್ಯಾಲ ಪಾವಸೇರು ಉಳೀತು. ಅಂದ್ರ ಮೂರೂಕಾಲು.’’ ಇನ್ನೊಬ್ಬಳು ಮೂರೂವರೆ ಅಂದಳು. ಮೊದಲಿನ ನಾನಾಗಿದ್ದರೆ ಹುಡುಗನಿಗೆ ಅಡ್ಡಗೆರೆ ಎಳೆಯುತ್ತಿದ್ದೆ. ಆದರೆ ಅವನು ಸುಳ್ಳು ಹೇಳಿರಲಿಲ್ಲ, ಉಳಿದದ್ದು ಪಾವಸೇರೇ. ಪಾವಸೇರು ಅನ್ನೋದು ಸೇರಿನ ಕಾಲು, ಆದರೆ ಕೈಯಲ್ಲಿರುವ ಅರ್ಧ ಸೇರಿನ ಡಬ್ಬಿಗೆ ಅದು ಅರ್ಧ. ಕಾಲು ಯಾವುದರ ಕಾಲು, ಅರ್ಧ ಯಾವುದರ ಅರ್ಧ? ಆ ಹೊತ್ತು ಪೂರಾ ಪಿರಿಯಡ್ಡು ಅದೇ ಜಗಳ ನಡೆಯಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಗದ್ದಲದ, ಅಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಯಾವುದರ ಅರ್ಧ ಎಂದು ಕೇಳಲು ಕಲಿತ ಮಗು ಪಾಲಿಗೆ ಹೊಲ ಮಾಡುವಾಗ ‘ಅರ್ಧ ಪಾಲು ನಿಂದು’ ಎಂದರೆ ಬೀಜ ಗೊಬ್ಬರದ ಖರ್ಚು ತೆಗೆದ ಮೇಲಿನ ಅರ್ಧವೋ ತೆಗೆಯುವ ಮೊದಲಿನ ಅರ್ಧವೋ ಎಂದೂ ಕೇಳುತ್ತದೆ. ಅಂದಹಾಗೆ, ಕುಂದಗೋಳದವರಿಗೆ ಭಿನ್ನರಾಶಿಯ ಪಾಠ ಶುರು ಮಾಡಲು ಬೇರೆ ಉಪಕರಣವೇ ಬೇಡ. ಅವರ ಊರಿನ ಗವಾಯಿಯ ಹೆಸರಲ್ಲೇ ಸವಾಯಿ ಇದೆ. ಸವಾಯಿ ಗಂಧರ್ವ, ಅಂದರೆ ಒಂದೂಕಾಲು ಗಂಧರ್ವ. ಎಷ್ಟು ಮಕ್ಕಳಿಗೆ ಇದನ್ನು ಹೇಳಿದ್ದೇವೆ?

ಅಮೇರಿಕದ ಡೆಬೊರಾ ಬಾಲ್ ಮತ್ತು ಅವಳ ಸಂಗಡಿಗರು ಇಂಥ ತಿಳಿವಳಿಕೆಗೆ ‘ಕಲಿಸಲು ಬೇಕಾದ ಗಣಿತಜ್ಞಾನ’ ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ. ಸಾವಕಾರನಿಗೆ, ಇಂಜಿನಿಯರನಿಗೆ ಉತ್ತರ ಬಂದರೆ ಸಾಕು. ಮಾಸ್ತರನಿಗೆ ಉತ್ತರದ ಬೇರು ಬೇಕು, ತಪ್ಪು ಉತ್ತರದ ಬೇರೂ ಬೇಕು. ಈ ತಿಳಿವಳಿಕೆ ಹೆಚ್ಚಿದ್ದ ಶಿಕ್ಷಕರ ಕೈಯಲ್ಲಿ ಒಂದನೆಯ ಮತ್ತು ಮೂರನೆಯ ಇಯತ್ತೆಯ ಮಕ್ಕಳು ಹೆಚ್ಚು ಕಲಿತರು ಎಂದು ಅದೇ ಗುಂಪಿನವರು ೨೦೦೫ರಲ್ಲಿ ತೋರಿಸಿದರು. ಒಂದನೆಯ ಇಯತ್ತೆ! ಅಲ್ಲಿ ಏನು ಗಣಿತ ಇದೆ ಎಂದು ನಾವು ಇನ್ನೂ ಅನ್ನುತ್ತಿದ್ದೇವೆ.

ಈ ಮಾತು ಹೇಳಿದಾಗ ನಮ್ಮ ಸಂಘಟನೆಯ ಗೆಳೆಯನೊಬ್ಬ ಸಿಟ್ಟಿಗೆದ್ದ. ಅವನೂ ಮಾಸ್ತರ, ನನಗಿಂತ ಹುಷಾರಿ. ‘‘ನೀ ಯಾಕೆ ಯಾಕೆ ಅನಕೋತ ಕೂಡು. ಅಷ್ಟರಾಗ ಅವರ ಮಕ್ಕಳು ಟ್ಯೂಶನ್ನಿಗೆ ಹೋಗಿ ಹತ್ತು ಲೆಕ್ಕ ಮುಗಸ್ತಾವ. ನಮ್ಮ ಹುಡುಗರಿಗೆ ಮೊದಲು ಸೂತ್ರ ಕೊಡು, ಪಾಸ್ ಆಗಲಿ, ನೌಕರಿ ಹಿಡೀಲಿ. ಹೊಟ್ಟಿ ತುಂಬಿದ ಮ್ಯಾಲ ಯಾಕೆ ಅಂತ ಕೇಳೋಣಂತ. ನೀನೂ ನಾನೂ ಹಂಗ ಬಂದವರಲ್ಲೇನು?’’ ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಹೌದು, ಬಾಯಿಪಾಠದಿಂದಲೇ ನಾನು ಪಾಸಾದೆ, ಬಾಯಿಪಾಠದ ನೌಕರಿಯಿಂದಲೇ ನಮ್ಮ ಮನೆಗೆ ಹೆಂಚು ಬಂತು, ತಂಗಿಯ ಮದುವೆ ಆಯಿತು. ಸೂತ್ರ ಬೇಡ ಎಂದು ನಾನು ಹೇಳುತ್ತಿಲ್ಲ, ಮಗ್ಗಿ ಬಾಯಲ್ಲಿ ಇರಲೇಬೇಕು. ಆದರೆ ಅವನಿಗೆ ನಾನು ಹೇಳದೇ ಬಚ್ಚಿಟ್ಟ ಒಂದು ಘಟನೆ ಇದೆ, ಇಲ್ಲಿ ಹೇಳಿಬಿಡುತ್ತೇನೆ.

ನಮ್ಮ ಸಾಲಿಯ ಒಬ್ಬ ಮಗುವಿನ ತಾಯಿ ಸಾಲದ ಪುಸ್ತಕ ಹಿಡಿದು ಬಂದಿದ್ದಳು. ಹತ್ತು ಸಾವಿರ ಸಾಲ, ನೂರಕ್ಕೆ ಹನ್ನೆರಡು ಬಡ್ಡಿ, ವರ್ಷಕ್ಕೆ ಬಡ್ಡಿ ೧,೨೦೦. ಒಟ್ಟು ೧೧,೨೦೦ನ್ನು ಹನ್ನೆರಡು ಕಂತಿನಲ್ಲಿ ಕಟ್ಟಬೇಕು. ‘‘ಬ್ಯಾಂಕಿನಾಗೂ ಹನ್ನೆರಡ ಅಂತಾರ, ಇಲ್ಲೂ ಹನ್ನೆರಡ. ಎರಡೂ ಒಂದ ಏನ್ರಿ ಮಾಸ್ತರ?’’ ನಾನು ಹತ್ತು ಸಾವಿರಕ್ಕೆ ಹನ್ನೆರಡರಂತೆ ಗುಣಿಸಿ ನೋಡಿದೆ, ಸಾವಿರದಾ ಇನ್ನೂರು ಬಂತು. ‘‘ಸರಿ ಐತಿ ತಂಗೀ’’ ಅಂದೆ. ಸರಿ ಇರಲಿಲ್ಲ. ಹತ್ತು ಸಾವಿರ ಅವಳ ಕೈಯಲ್ಲಿ ಪೂರಾ ವರ್ಷ ಇರೋದಿಲ್ಲ. ಮೊದಲ ಕಂತು ಕಟ್ಟಿದ ಮೇಲೆ ಅಸಲು ಒಂಬತ್ತು ಸಾವಿರದ ಸುತ್ತ, ಆರು ತಿಂಗಳಿಗೆ ಐದು ಸಾವಿರ, ಕಡೆಯ ತಿಂಗಳು ಎಂಟುನೂರು ಚಿಲ್ಲರೆ. ಹನ್ನೆರಡು ತಿಂಗಳ ಸರಾಸರಿ ತೆಗೆದರೆ ಅವಳ ಬಳಿ ಇದ್ದದ್ದು ಸುಮಾರು ೫,೪೦೦ ರೂಪಾಯಿ. ಅದಕ್ಕೆ ೧,೨೦೦ ಬಡ್ಡಿ ಅಂದರೆ ನೂರಕ್ಕೆ ೨೨ರ ಹತ್ತಿರ. ಸರಾಸರಿ ಪ್ರಾಥಮಿಕ ಸಾಲಿಯ ಗಣಿತ, ನಾನೇ ಇಪ್ಪತ್ತು ವರ್ಷ ಕಲಿಸಿದ್ದು! ಸೂತ್ರ ನನಗೆ ಗೊತ್ತಿತ್ತು. ‘ಯಾವುದರ ಮೇಲಿನ ನೂರಕ್ಕೆ ಹನ್ನೆರಡು?’ ಎಂದು ಕೇಳುವುದು ಗೊತ್ತಿರಲಿಲ್ಲ. ಆಕೆ ನನ್ನ ಮಾತು ನಂಬಿ ಎರಡನೆಯ ಸಾಲವನ್ನೂ ಅಲ್ಲೇ ಎತ್ತಿದಳು. ೨೦೨೫ರಲ್ಲಿ ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಾಗ ನನಗೆ ನೆನಪಾದದ್ದು ಆಕೆಯ ಮುಖ.

ಲೆಕ್ಕ ತಿಳಿದ ಜನ ಏನು ಮಾಡಬಲ್ಲರು ಎಂದು ನವಲಗುಂದದವರಿಗೆ ಹೇಳಬೇಕಾಗಿಲ್ಲ. ೧೯೮೦ರಲ್ಲಿ ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದ ಹೊಲಕ್ಕೂ ನೀರಿನ ಕರ, ಬೆಟರ್‌ಮೆಂಟ್ ಲೆವಿ ಎಂದು ನೋಟೀಸು ಬಂದಾಗ, ವರಲಕ್ಷ್ಮಿ ಹತ್ತಿಯ ಬೆಲೆ ಕುಸಿದು ಕೂತಾಗ, ರೈತರು ತಮ್ಮ ಲೆಕ್ಕ ತಾವೇ ಹಾಕಿದರು. ಸರಕಾರದ ಲೆಕ್ಕಕ್ಕೂ ಹೊಲದ ಲೆಕ್ಕಕ್ಕೂ ತಾಳ ಆಗಲಿಲ್ಲ. ಆ ವರ್ಷ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ಗುಂಡು ಹಾರಿ ರೈತರು ಸತ್ತರು. ಹೊಲವೇ ಇಲ್ಲದವನ ಕೂಲಿಯ ಲೆಕ್ಕ ಯಾರು ಹಾಕಿದರು ಅನ್ನೋದು ಬೇರೆ ಮಾತು, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಗೆಳೆಯನಿಗೆ ಇನ್ನೊಂದು ಉತ್ತರ ಅಮೇರಿಕದ ಕರಿಯರಿಂದ ಬಂದಿದೆ. ಬಾಬ್ ಮೋಸೆಸ್ ಎಂಬಾತ ಅರವತ್ತರ ದಶಕದಲ್ಲಿ ಮಿಸಿಸಿಪಿಯಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಹೋರಾಡಿ ಪೆಟ್ಟು ತಿಂದವನು. ಆಗ ಮತದಾರರ ಪಟ್ಟಿಗೆ ಸೇರಬೇಕಾದರೆ ಓದುಬರಹದ ಪರೀಕ್ಷೆ ಇಟ್ಟು ಕರಿಯರನ್ನು ಹೊರಗಿಡುತ್ತಿದ್ದರು. ಓದು ಕಲಿಯದಂತೆ ಮಾಡಿದವರೇ ಓದು ಬರುವುದಿಲ್ಲ ಅನ್ನುವವರು! ೧೯೮೨ರಲ್ಲಿ ಆತ ‘ಆಲ್ಜೀಬ್ರಾ ಪ್ರಾಜೆಕ್ಟ್’ ಶುರು ಮಾಡಿದ. ೨೦೨೧ರಲ್ಲಿ ತೀರಿಕೊಳ್ಳುವ ತನಕ ಗಣಿತದ ಅರಿವೂ ಮತದ ಹಾಗೆ ನಾಗರಿಕ ಹಕ್ಕು ಎಂದು ವಾದಿಸಿದ. ಆತ ಮಕ್ಕಳನ್ನು ನಗರದ ರೈಲಿನಲ್ಲಿ ಕೂಡಿಸಿ, ಇಳಿದ ಮೇಲೆ ಯಾವ ದಿಕ್ಕಿಗೆ ಎಷ್ಟು ನಿಲ್ದಾಣ ಹೋದೆವು ಎಂದು ಅವರ ಮಾತಿನಲ್ಲೇ ಹೇಳಿಸಿ, ಅಲ್ಲಿಂದ ಧನ ಸಂಖ್ಯೆ, ಋಣ ಸಂಖ್ಯೆಗೆ ಒಯ್ಯುತ್ತಿದ್ದ. ನಮ್ಮ ಅಣ್ಣಿಗೇರಿ ಸ್ಟೇಶನ್ನನ್ನು ಸೊನ್ನೆ ಅಂತ ಹಿಡಿಯಿರಿ. ಒಂದು ಕಡೆ ಹುಲಕೋಟಿ, ಗದಗ, ಇನ್ನೊಂದು ಕಡೆ ಹುಬ್ಬಳ್ಳಿ. ಸಂಖ್ಯಾರೇಖೆ ಹಳಿಯ ಮೇಲೇ ಬಿದ್ದಿದೆ.

ತರಬೇತಿಗಳು ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಡೆಯುವಷ್ಟು ನಡೆದಿವೆ: ಡಿ.ಪಿ.ಇ.ಪಿ. ಬಂತು, ೨೦೦೧ರಿಂದ ಸರ್ವ ಶಿಕ್ಷಾ ಅಭಿಯಾನ ಬಂತು, ೨೦೧೮ರಿಂದ ಸಮಗ್ರ ಶಿಕ್ಷಣ. ನಲಿಕಲಿ ಬಂತು, ಗಣಿತ ಕಲಿಕಾ ಆಂದೋಲನದ ಕಿಟ್ಟು ಬಂತು. ಕಿಟ್ಟು ಒಳ್ಳೆಯದೇ, ಬೀಗ ತೆಗೆದರೆ. ಆದರೆ ಮೇಲಿನವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲೂಕಿನವರಿಗೆ, ಅವರು ನಮಗೆ ಎಂದು ಇಳಿದು ಬರುವಷ್ಟರಲ್ಲಿ ಕಾಲುವೆಯ ಕಡೆಯ ಹೊಲಕ್ಕೆ ನೀರು ಬಂದ ಹಾಗೆ. ಹಾಡು ಬರುತ್ತದೆ, ಚಟುವಟಿಕೆ ಬರುತ್ತದೆ, ಫೋಟೋ ಹೋಗುತ್ತದೆ. ಗಣಿತ ಮಾತ್ರ ನಡುದಾರಿಯಲ್ಲಿ ಇಂಗಿರುತ್ತದೆ. ಚೀನಾದ ಆ ಶಿಕ್ಷಕರು ಬಹಳ ಓದಿದವರಲ್ಲ, ಆದರೆ ಅವರಿಗೆ ಕೂಡಿ ಕೂತು ಪಠ್ಯಪುಸ್ತಕದ ಒಂದೊಂದು ಲೆಕ್ಕವನ್ನು ಬಿಚ್ಚಿ ನೋಡುವ ರೂಢಿ ಇತ್ತು, ಅದಕ್ಕೆ ಹೊತ್ತೂ ಇತ್ತು. ನಮ್ಮ ಮಾಸ್ತರನಿಗೆ ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ, ಆನ್‌ಲೈನ್ ಮಾಹಿತಿ. ೨೦೨೫ರಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಮಾಸ್ತರರೇ. ಆ ಎಣಿಕೆ ಬೇಕೇ ಬೇಕು, ನಮಗಂತೂ ಬೇಕು. ಆದರೆ ಇಡೀ ರಾಜ್ಯವನ್ನು ಎಣಿಸುವ ಮಾಸ್ತರನಿಗೆ ಎಣಿಕೆ ಅಂದರೆ ಏನು ಎಂದು ಯೋಚಿಸಲು ವಾರಕ್ಕೆ ಎರಡು ತಾಸು ಯಾರೂ ಕೊಡುವುದಿಲ್ಲ. ವರ್ಷ ವರ್ಷ ಹೊಸಬರಾಗಿ ಬರುವ ಅತಿಥಿ ಶಿಕ್ಷಕರ ಪಾಡು ಇನ್ನೂ ಕಷ್ಟ. ಅವರಿಗೆ ತರಬೇತಿಯ ಮಾತು ಬಿಡಿ, ಪಗಾರವೇ ಹೊತ್ತಿಗೆ ಬರುವುದಿಲ್ಲ.

ಹಾಗಂತ ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಲಾರೆ. ನನಗೆ ಕಲಿಸಲಿಲ್ಲ, ಅದು ನನ್ನ ತಪ್ಪಲ್ಲ. ಆ ಹುಡುಗಿ ಕೇಳಿದಾಗ ‘‘ನನಗೂ ತಿಳೀದವ್ವಾ, ನಾಳೆ ಕೂಡಿ ನೋಡೋಣು’’ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ? ನಮ್ಮ ಕೇರಿಯಿಂದ ಬಂದ ಮಾಸ್ತರ ‘ತಿಳೀದು’ ಅಂದರೆ ಊರು ಏನಂದೀತು ಎಂಬ ಅಂಜಿಕೆ ಇತ್ತು. ಮೇಲ್ಜಾತಿಯ ಮಾಸ್ತರ ತಪ್ಪಿದರೆ ಮರೆತಿರಬೇಕು ಅನ್ನುತ್ತಾರೆ, ನಾವು ತಪ್ಪಿದರೆ ಮೀಸಲಾತಿ ಅನ್ನುತ್ತಾರೆ. ಈ ಅಂಜಿಕೆ ಸುಳ್ಳಲ್ಲ. ಆದರೆ ಅದರ ಬಡ್ಡಿ ಕಟ್ಟಿದವಳು ಮೂರನೆಯ ಇಯತ್ತೆಯ ಹುಡುಗಿ.

ಈಗ ನಾನು ನಿವೃತ್ತ. ಸುತ್ತಲಿನ ತಾಲೂಕುಗಳ ಐದಾರು ಮಾಸ್ತರರು, ಅಕ್ಕೋರು ತಿಂಗಳಿಗೊಮ್ಮೆ ರವಿವಾರ ಕೂಡುತ್ತೇವೆ. ಸಂಘ ಅಲ್ಲ, ಬೋರ್ಡಿಲ್ಲ, ಠರಾವಿಲ್ಲ. ಒಂದೇ ಕಟ್ಟಳೆ: ತನಗೆ ತಿಳಿಯದ ಒಂದು ಲೆಕ್ಕವನ್ನು ಎಲ್ಲರೂ ತರಬೇಕು. ಹೋದ ಸಲ ಕಲಘಟಗಿ ಕಡೆಯ ಅಕ್ಕೋರು ಒಬ್ಬರು ಕೇಳಿದರು: ‘‘ಋಣಕ್ಕ ಋಣ ಗುಣಿಸಿದ್ರ ಧನ ಅಂತ ಹೇಳಿದೆ. ಹುಡುಗರು ನಂಬವಲ್ಲವು. ಸಾಲಕ್ಕ ಸಾಲ ಸೇರಿದ್ರ ಗಳಿಕಿ ಹೆಂಗಾಗ್ತದ್ರಿ ಅಕ್ಕೋರ ಅಂತಾವ.’’ ಬಹಳ ಹೊತ್ತು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಒಬ್ಬರು, ಐದು ರೂಪಾಯಿ ಸಾಲದ ಚೀಟಿಗಳನ್ನು ಮೂರು ಹರಿದು ಹಾಕಿದರೆ ಹದಿನೈದು ರೂಪಾಯಿ ಗಳಿಸಿದ ಹಾಗೇ ಅಲ್ಲವೆ ಅಂದರು. ಸಾಲ ಅನ್ನೋದು ಋಣ, ಅದನ್ನು ತೆಗೆದುಹಾಕೋದು ಇನ್ನೊಂದು ಋಣ. ಎಲ್ಲರೂ ಭೇಷ್ ಅಂದೆವು. ಅಕ್ಕೋರು ಒಪ್ಪಲಿಲ್ಲ. ‘‘ಸಾಲ ಮನ್ನಾ ಆದವರ ಕೈಯಾಗ ರೊಕ್ಕ ಎಲ್ಲಿ ಬರ್ತದ್ರಿ? ಖಾತೆ ಸೊನ್ನಿ ಆಗ್ತದ ಅಷ್ಟ. ಹುಡುಗರು ಇದನ್ನ ಕೇಳಿದ್ರ ಏನ ಹೇಳ್ಲಿ?’’ ಅಂದರು. ಮೊದಲೇ ಕೈಯಲ್ಲಿ ಹದಿನೈದು ರೂಪಾಯಿ ಇತ್ತು ಅಂತ ಹಿಡಿಯೋಣ, ಎಂದು ಯಾರೋ ಶುರು ಮಾಡಿದರು. ಅಷ್ಟರಲ್ಲಿ ಕಲಘಟಗಿಯ ಕಡೆಯ ಬಸ್ಸಿನ ಹೊತ್ತಾಯಿತು. ಅವರು ಚೀಲ ಎತ್ತಿಕೊಂಡು, ‘‘ಮುಂದಿನ ತಿಂಗಳ ಇದನ್ನ ಮೊದಲ ತಗೊಳ್ಳೋಣ್ರಿ, ನನಗ ಇನ್ನೂ ಸಮಾಧಾನ ಆಗಿಲ್ಲ’’ ಎನ್ನುತ್ತಾ ಸ್ಟ್ಯಾಂಡಿನ ಕಡೆ ಓಡಿದರು.